ತತ್ತ್ವಶಾಸ್ತ್ರದ ಪ್ರಾಧ್ಯಾಪಕನ ಮೂರು ಕೆಲಸಗಳು

ನಮ್ಮ ಮಕ್ಕಳ ಪೋಷಕರು ಆಗಾಗ ಕೇಳುವ ಪ್ರಶ್ನೆಯೊಂದುಂಟು: “ಗಡಿಯಾಚೆಯ ಈ ಕನ್ನಡ ಶಾಲೆಯಲ್ಲಿ ಕಲಿತವನಿಗೆ ಹೊರಗಿನ ಲೋಕದಲ್ಲಿ ಸ್ಥಾನ ದೊರೆತೀತೇ?” ಉತ್ತರಿಸುವ ಮೊದಲು, ದೇಶದೇಶಗಳ ವಿದ್ವಾಂಸರ ನಡುವೆ ವಿಚಾರಗಳ ಕೊಡುಕೊಳೆ ಹೇಗೆ ನಡೆಯುತ್ತದೆಂಬುದನ್ನು ಅರಿಯುವುದು ಲೇಸು. ಡಾ. ಸರ್ವೇಪಲ್ಲಿ ರಾಧಾಕೃಷ್ಣನ್ ಅವರ ಜೀವನವು ಇದಕ್ಕೆ ತಕ್ಕ ನಿದರ್ಶನ.

ಅವರು 1888ರಲ್ಲಿ ತಿರುತ್ತಣಿಯಲ್ಲಿ, ತೆಲುಗು ಮನೆಮಾತಿನ ಕುಟುಂಬದಲ್ಲಿ ಜನಿಸಿದರು. ಆ ಊರು 1960ರಲ್ಲಿ ಆಂಧ್ರದಿಂದ ಮದರಾಸು ರಾಜ್ಯಕ್ಕೆ ಸೇರಿತು. ಅವರನ್ನೂ ಗಡಿನಾಡಿನವರೆಂದರೆ ತಪ್ಪಾಗಲಾರದು.

ಪ್ರಾಧ್ಯಾಪಕನ ಮೊದಲ ಕೆಲಸ ಸಂಶೋಧನೆ. ಅದು ಪ್ರಶ್ನೆಯಿಂದ ಹುಟ್ಟುತ್ತದೆ. ಮದರಾಸಿನ ಕ್ರಿಶ್ಚಿಯನ್ ಕಾಲೇಜಿನಲ್ಲಿ ಓದುತ್ತಿದ್ದಾಗ ಅವರು ಹಿಂದೂ ಚಿಂತನೆಯ ಮೇಲಿನ ಟೀಕೆಗಳನ್ನು ಕೇಳಬೇಕಾಯಿತು. ಜಗತ್ತು ಮಾಯೆಯೆಂದಾದರೆ ನೀತಿಗೆ ಎಡೆಯೆಲ್ಲಿ ಎಂಬುದು ಅವುಗಳಲ್ಲೊಂದು. ಯುವಕ ರಾಧಾಕೃಷ್ಣನ್ ಮುನಿಸಿನಿಂದ ಪ್ರತ್ಯುತ್ತರ ನೀಡಲಿಲ್ಲ. ಮೂಲಗ್ರಂಥಗಳ ಕಡೆಗೆ ತಿರುಗಿದರು. ವೇದಾಂತದ ನೀತಿಯನ್ನು ಕುರಿತು 1908ರಲ್ಲಿ ಪ್ರೌಢ ಪ್ರಬಂಧವನ್ನೇ ಬರೆದರು. ಪರರ ಆಕ್ಷೇಪವು ತಮ್ಮ ಮನೆಯ ಭಂಡಾರದ ಬಾಗಿಲನ್ನು ತೆರೆಸಿತು.

ಎರಡನೆಯದು ಅಧ್ಯಾಪನ. 1918ರಿಂದ 1921ರವರೆಗೆ ಅವರು ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿದ್ದರು. ಕಲ್ಕತ್ತೆಗೆ ಹೊರಟ ದಿನ ವಿದ್ಯಾರ್ಥಿಗಳು ಕುದುರೆಗಳನ್ನು ಬಿಚ್ಚಿ, ಸಾರೋಟನ್ನು ತಾವೇ ರೈಲು ನಿಲ್ದಾಣದವರೆಗೆ ಎಳೆದೊಯ್ದರೆಂಬುದು ಪ್ರಸಿದ್ಧ. ಕಠಿಣವಾದ ಶಾಸ್ತ್ರವನ್ನು ಬೋಧಿಸಿದ ಗುರುವಿಗೆ ಇದಕ್ಕಿಂತ ಹಿರಿಯ ಪ್ರಶಸ್ತಿ ಬೇರೊಂದಿದೆಯೆ?

ಮೂರನೆಯದು ವಿದ್ಯಾವಿನಿಮಯ. 1926ರಲ್ಲಿ ಅವರು ಆಕ್ಸ್‌ಫರ್ಡಿನಲ್ಲಿ ಉಪನ್ಯಾಸಮಾಲೆಯನ್ನು ನೀಡಿದರು. ಅದೇ ವರ್ಷ ಅಮೆರಿಕದ ಹಾರ್ವರ್ಡಿನಲ್ಲಿ ನಡೆದ ಅಂತರರಾಷ್ಟ್ರೀಯ ತತ್ತ್ವಶಾಸ್ತ್ರ ಸಮ್ಮೇಳನದಲ್ಲಿ ಮಾತನಾಡಿದರು. 1936ರಿಂದ 1952ರವರೆಗೆ ಆಕ್ಸ್‌ಫರ್ಡಿನಲ್ಲಿ ಪೌರಸ್ತ್ಯ ಧರ್ಮ ಮತ್ತು ನೀತಿಶಾಸ್ತ್ರದ ಸ್ಪಾಲ್ಡಿಂಗ್ ಪೀಠದ ಮೊದಲ ಪ್ರಾಧ್ಯಾಪಕರಾಗಿದ್ದರು. ಪಾಶ್ಚಾತ್ಯ ದರ್ಶನವನ್ನು ಬಲ್ಲವರಾದ್ದರಿಂದಲೇ ಶಂಕರರ ಮಾತನ್ನು ಪಶ್ಚಿಮದವರಿಗೆ ತಿಳಿಯುವಂತೆ ಹೇಳಬಲ್ಲವರಾದರು. ಅನ್ಯರ ವಿಚಾರವನ್ನು ಅರಿಯದವನು ತನ್ನದನ್ನು ಅನ್ಯರಿಗೆ ತಿಳಿಸಲಾರ. ತನ್ನದೇನೂ ಇಲ್ಲದವನಿಗಂತೂ ಕೊಡಲು ಏನೂ ಇರದು.

ವಿನಿಮಯವೆಂದರೆ ಕೇವಲ ಹಡಗಿನ ಪಯಣವಲ್ಲ. ಅದೇ ಮಹಾರಾಜಾ ಕಾಲೇಜಿನಲ್ಲಿ ಸಂಸ್ಕೃತವನ್ನು ಬೋಧಿಸಿದ ಪ್ರೊ. ಎಂ. ಹಿರಿಯಣ್ಣನವರು ಬಹುಕಾಲ ವಿದ್ಯಾರ್ಥಿಗಳಿಗೆ ಹೇಳಿದ ಪಾಠಗಳ ಆಧಾರದ ಮೇಲೆ ಭಾರತೀಯ ದರ್ಶನಗಳನ್ನು ಕುರಿತ ಗ್ರಂಥವೊಂದನ್ನು ರಚಿಸಿದರು. ಅದು 1932ರಲ್ಲಿ ಲಂಡನ್ನಿನಲ್ಲಿ ಪ್ರಕಟವಾಗಿ ಇಂದಿಗೂ ಅಭ್ಯಾಸಿಗಳ ಕೈಯಲ್ಲಿದೆ. ಮೈಸೂರಿನ ತರಗತಿಯೊಂದರ ಪಾಠ ಹೀಗೆ ಲೋಕದ ಪಾಠವಾಯಿತು.

ಈ ಮಹನೀಯರಿಬ್ಬರ ಗ್ರಂಥಗಳು ಇಂಗ್ಲಿಷಿನಲ್ಲಿವೆ. ಅದನ್ನು ನಾವು ಮರೆಮಾಚಲಾರೆವು. ನಮ್ಮ ಮಕ್ಕಳೂ ಇಂಗ್ಲಿಷನ್ನು, ತಾವಿರುವ ರಾಜ್ಯದ ಭಾಷೆಯನ್ನು ಚೆನ್ನಾಗಿ ಕಲಿಯಲೇಬೇಕು. ಆದರೆ ಪ್ರಶ್ನೆ ಕೇಳುವ ಧೈರ್ಯ, ಕೇಳಿದ್ದನ್ನು ತೂಗಿ ನೋಡುವ ತಾಳ್ಮೆ, ಇವು ತಿಳಿಯುವ ಮಾತಿನಲ್ಲಿಯೇ ಮೊದಲು ಮೊಳೆಯತಕ್ಕವು. ಆ ಮೊಳಕೆಗೆ ನೀರೆರೆಯುವುದೇ ನಮ್ಮ ಶಾಲೆಯ ಕೆಲಸ. ಪೋಷಕರ ಪ್ರಶ್ನೆಗೆ ನಮ್ಮ ಉತ್ತರವಿಷ್ಟೆ: ಬೇರು ಗಟ್ಟಿಯಾಗಿದ್ದರೆ ಕೊಂಬೆ ಬೇಲಿಯಾಚೆಗೂ ಚಾಚೀತು.