‘ಕಸುವಿಲ್ರಿ’ ಅಂದರೆ ಯಾವ ಕಾಯಿಲೆ?

ಅಂತೂರ ಬೆಂತೂರದ ಕಡೆಯ ಅಜ್ಜನೊಬ್ಬ ಗದಗಿನ ದವಾಖಾನೆಗೆ ಬಂದ ಅಂದುಕೊಳ್ಳಿ. “ಯಜಮಾನ್ರ, ಏನ್ ತ್ರಾಸ?” ಅಂತ ಕೇಳಿದರೆ “ಕಸುವಿಲ್ರಿ ಸಾಹೇಬ್ರ” ಅನ್ನುತ್ತಾನೆ. ಅಷ್ಟೇ. ರಕ್ತ ಕಡಿಮೆಯಾದರೂ ಕಸುವಿಲ್ಲ, ಸಕ್ಕರೆ ಏರಿದರೂ ಕಸುವಿಲ್ಲ, ಹೃದಯ ಸೋತರೂ ಕಸುವಿಲ್ಲ. ಮಗ ಊರು ಬಿಟ್ಟು ಹೋದರೂ ಕಸುವಿಲ್ಲ.

ಆ ಒಂದು ಮಾತನ್ನು ಬಿಡಿಸುವುದನ್ನು ಕಲಿಸಲಿಕ್ಕೇ ಜನರಲ್ ಮೆಡಿಸಿನ್‌ನ ಎಂ.ಡಿ. ಇರುವುದು ಎಂದರೆ ತೀರಾ ಉತ್ಪ್ರೇಕ್ಷೆಯಲ್ಲ. “ಕುಂತಲ್ಲಿಂದ ಏಳಾಕ ಆಗೂದಿಲ್ಲೋ, ಎದ್ದ ಮ್ಯಾಲ ನಡಿಯಾಕ ಆಗೂದಿಲ್ಲೋ?” ಎಂದು ಕೇಳಿದರೆ ದಾರಿ ಕವಲೊಡೆಯುತ್ತದೆ. ಏಳಲಿಕ್ಕೇ ಆಗದಿದ್ದರೆ ಸೊಂಟ, ತೊಡೆಯ ಸ್ನಾಯುಗಳ ಮೇಲೆ ಅನುಮಾನ. ಥೈರಾಯ್ಡ್, ಡಿ ಜೀವಸತ್ವ ನೋಡಬೇಕು. ನಾಲ್ಕು ಹೆಜ್ಜೆಗೆ ದಮ್ಮು ಬಂದರೆ ರಕ್ತ, ಹೃದಯ, ಶ್ವಾಸಕೋಶ.

ಈ ಸೀಮೆಯಲ್ಲಿ ಕಾಯಿಲೆ ದೊಡ್ಡದಾದರೆ ಹುಬ್ಬಳ್ಳಿಯ ಕೆಎಂಸಿ ಎಂಬುದು ಹಳೆಯ ರೂಢಿ. ಆ ಕಾಲೇಜು 1957ರದು. ಗದಗಿನಲ್ಲೇ ಸರ್ಕಾರಿ ಕಾಲೇಜು, ಜನರ ಬಾಯಲ್ಲಿ ಜಿಮ್ಸ್, 2015ರಲ್ಲಿ ಬಂತು. ಎಂಬಿಬಿಎಸ್ ಮುಗಿಸಿ, ನೀಟ್ ಪಿಜಿ ಬರೆದು ಸೀಟು ಹಿಡಿದವರು ಮೂರು ವರ್ಷ ಕಲಿಯುತ್ತಾರೆ. ಪ್ರಬಂಧ, ಲಾಗ್‌ಬುಕ್, ಕೊನೆಗೆ ನಾಲ್ಕು ಪ್ರಶ್ನೆಪತ್ರಿಕೆ, ರೋಗಿಯ ಎದುರಿನ ಪರೀಕ್ಷೆ. 2020ರಲ್ಲಿ ಬಂದ ನಿಯಮದಂತೆ ಮೂರು ತಿಂಗಳು ಜಿಲ್ಲಾ ಮಟ್ಟದ ಆಸ್ಪತ್ರೆಯಲ್ಲೂ ದುಡಿಯಬೇಕು. ಸರ್ಕಾರಿ ಕಾಲೇಜಿನ ಅರ್ಧ ಸೀಟು ಅಖಿಲ ಭಾರತ ಕೋಟಾದವು. ಹಾಗಾಗಿ ರಾಜಸ್ಥಾನದ ಹುಡುಗನೂ ದಮ್ಮು, ಜೋಮು, ಸಂಕಟ, ಕಸುವು ಎಂದು ಕಿಸೆ ಡೈರಿಯಲ್ಲಿ ಬರೆದುಕೊಳ್ಳಬೇಕಾಗುತ್ತದೆ. ನನ್ನ ಕೇಳಿದರೆ, ಅವನ ಮೊದಲ ಪಠ್ಯಪುಸ್ತಕ ಅದೇ.

ಇವರನ್ನು ರೆಸಿಡೆಂಟ್ ಎಂದು ಕರೆಯುವುದು ಸುಮ್ಮನೆ ಅಲ್ಲ. ಅಮೆರಿಕದ ಬಾಲ್ಟಿಮೋರ್‌ನಲ್ಲಿ 1889ರಲ್ಲಿ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆ ತೆರೆದಾಗ ವಿಲಿಯಂ ಆಸ್ಲರ್ ಎಂಬ ವೈದ್ಯ ಕಿರಿಯರನ್ನು ಆಸ್ಪತ್ರೆಯಲ್ಲೇ ಇರಿಸಿಕೊಂಡು ಕಲಿಸಿದ. ಅಲ್ಲೇ ವಾಸ, ಅಲ್ಲೇ ಪಾಠ.

ವಾಸ ಯಾಕೆ ಬೇಕು ಎಂಬುದು ಹಾವು ಕಡಿದ ರಾತ್ರಿ ತಿಳಿಯುತ್ತದೆ. ಕೊಳಕುಮಂಡಲದ ವಿಷ ರಕ್ತ ಹೆಪ್ಪುಗಟ್ಟದಂತೆ ಮಾಡುತ್ತದೆ. ಇದನ್ನು ಪತ್ತೆ ಹಚ್ಚಲು ದೊಡ್ಡ ಯಂತ್ರ ಬೇಡ. ಹೊಸ, ಒಣಗಿದ ಗಾಜಿನ ಕೊಳವೆಗೆ 2 ಮಿ.ಲೀ. ರಕ್ತ ಹಾಕಿ 20 ನಿಮಿಷ ಅಲುಗಿಸದೆ ನಿಲ್ಲಿಸುವುದು. ಆಮೇಲೆ ಒಮ್ಮೆ ವಾಲಿಸುವುದು. ನೀರಿನಂತೆ ಹರಿದರೆ ವಿಷ ಕೆಲಸ ಮಾಡುತ್ತಿದೆ ಎಂದರ್ಥ. ಆದರೆ ಸೋಪಿನ ಪುಡಿಯಲ್ಲಿ ತೊಳೆದ ಕೊಳವೆಯಾದರೆ ಒಳ್ಳೆಯ ರಕ್ತವೂ ಹೆಪ್ಪುಗಟ್ಟದೆ ಮೋಸ ಮಾಡೀತು. ಪ್ಲಾಸ್ಟಿಕ್ಕೂ ನಡೆಯದು. ಇದನ್ನು ಹಿರಿಯ ಪಿಜಿ ಕಿರಿಯನಿಗೆ ಕೊಳವೆ ಕೈಯಲ್ಲಿ ಹಿಡಿದೇ ಹೇಳಿಕೊಡುತ್ತಾನೆ.

ಕಟ್ಟುಹಾವಿನ ಕಥೆಯೇ ಬೇರೆ. ಅದು ಕಡಿದರೆ ರಕ್ತ ಸರಿಯಾಗಿಯೇ ಹೆಪ್ಪುಗಟ್ಟುತ್ತದೆ, ಕಡಿದ ಗುರುತೂ ಎಷ್ಟೋ ಸಲ ಕಾಣುವುದಿಲ್ಲ. ನಸುಕಿನಲ್ಲಿ ಬಂದವಳು “ಹೊಟ್ಟಿ ಭಾಳ ನೋಯಾಕತ್ತೈತ್ರಿ” ಅನ್ನುತ್ತಾಳೆ. ಹೊಟ್ಟೆಯನ್ನೇ ಒತ್ತಿ ನೋಡುತ್ತ ಕೂತವನಿಗೆ ಸಿಗುವುದೇನೂ ಇಲ್ಲ. “ಅವ್ವಾ, ರಾತ್ರಿ ಎಲ್ಲಿ ಮಲಗಿದ್ದಿ?” “ನೆಲದ ಮ್ಯಾಲ್ರಿ.” ಆಗ ರೆಪ್ಪೆ ನೋಡಬೇಕು. ಅದು ಜೋತು ಬೀಳತೊಡಗಿದ್ದರೆ ಉಸಿರಿನ ಸ್ನಾಯುಗಳೂ ಸೋಲಬಹುದು, ವೆಂಟಿಲೇಟರ್ ಸಿದ್ಧವಿರಬೇಕು.

ಮಂಡಲದ ಕಡಿತಕ್ಕೆ ಪ್ರತಿವಿಷ ಕೊಟ್ಟ ಕೂಡಲೇ ಕೆಲಸ ಮುಗಿಯುವುದಿಲ್ಲ. ಹೆಪ್ಪುಗಟ್ಟಿಸುವ ಅಂಶಗಳನ್ನು ಯಕೃತ್ತು ಹೊಸದಾಗಿ ತಯಾರಿಸಲು ಸುಮಾರು 6 ತಾಸು ಹಿಡಿಯುತ್ತದೆ. ರಾತ್ರಿ ಹತ್ತಕ್ಕೆ ಔಷಧ ಹೋಗಿದ್ದರೆ, ಎರಡನೆಯ ಕೊಳವೆ ನಸುಕಿನ ನಾಲ್ಕಕ್ಕೆ. ವಾರ್ಡಿನಲ್ಲಿ ರೋಗಿಯ ಕಡೆಯವರೂ ಗೋಡೆಗೆ ಒರಗಿ ನಿದ್ದೆ ಹೋಗಿರುವ ಆ ಹೊತ್ತಿಗೆ ಪಿಜಿ ಮತ್ತೆ ಗಡಿಯಾರ ನೋಡಿಕೊಂಡು 2 ಮಿ.ಲೀ. ರಕ್ತ ತೆಗೆಯುತ್ತಾನೆ.