ಕೆರೆ ತಡವಾಗಿ ತುಂಬಿದರೆ ಯಾವ ಭತ್ತ?

ಹೊಯ್ಸಳರ ರಾಜಧಾನಿಗೆ ದೋರಸಮುದ್ರವೆಂಬ ಹೆಸರು ಬಂದದ್ದು ಕೆರೆಯಿಂದ. ಹಳೇಬೀಡು, ಬಸ್ತಿಹಳ್ಳಿಯ ಸುತ್ತಿನಲ್ಲಿ ಕೆರೆಯ ಕೆಳಗೆ ಅರ್ಧ ಎಕರೆ ಗದ್ದೆಯುಳ್ಳ ರೈತ ಬಾಂಧವರು ನಾಟಿಗೆ ಮುನ್ನ ಇಂದಿಗೂ ನೋಡುವುದು ಕೆರೆಯ ಕಡೆಗೇ. ಪುಷ್ಯ ಮಳೆ ಕೈಕೊಟ್ಟು, ಮಖೆ ಮಳೆಗೆ ಕೆರೆ ತುಂಬಿದರೆ ಏನು ಮಾಡಬೇಕು?

ಹಲವರು ತಡವಾದರೂ ರೂಢಿಯ ದೀರ್ಘಾವಧಿ ತಳಿಯನ್ನೇ ಹಾಕುತ್ತಾರೆ. ಪೈರು ಹುಲುಸಾಗಿ ಬೆಳೆಯುತ್ತದೆ; ತೆನೆ ಮಾತ್ರ ಜೊಳ್ಳು. ಉಳುಮೆ, ಗೊಬ್ಬರ, ನಾಟಿ ಕೂಲಿ ಎಲ್ಲವೂ ಖರ್ಚಾದ ಮೇಲೆ ಮನೆಗೆ ಬರುವುದು ಹುಲ್ಲು ಮಾತ್ರ. ಆಗ ಬೀಜವನ್ನೋ ಗೊಬ್ಬರವನ್ನೋ ದೂರುತ್ತೇವೆ. ನಿಜವಾದ ಕಾರಣ ಬಹುಮಟ್ಟಿಗೆ ಚಳಿ.

ಜೊಳ್ಳಾಗುವುದೇಕೆ?

ಈ ಭಾಗ ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ. ಹೊಡೆ ತುಂಬುವಾಗ ರಾತ್ರಿಯ ಉಷ್ಣತೆ 15 ಡಿಗ್ರಿ ಸೆಂಟಿಗ್ರೇಡಿಗಿಂತ ಕೆಳಗಿಳಿದು ಕೆಲವು ದಿನ ನಿಂತರೆ ಹೂವಿನ ಪರಾಗ ಬಲಹೀನವಾಗಿ ಕಾಳು ಕಟ್ಟುವುದಿಲ್ಲ.

ತಳಿಯ ಅವಧಿಯಲ್ಲಿ 30 ದಿನ ಕಳೆಯಿರಿ. ಅದೇ ಹೂವಾಡುವ ದಿನ. ಆಗಸ್ಟ್ 10ರಂದು ಒಟ್ಲು ಬಿಟ್ಟ 120 ದಿನಗಳ ತಳಿ ನವೆಂಬರ್ 8ರ ಸುಮಾರಿಗೆ ಹೂವಾಡುತ್ತದೆ. ಅದೇ ದಿನ ಬಿಟ್ಟ 150 ದಿನಗಳ ತಳಿ ಹೂವಾಡುವುದು ಡಿಸೆಂಬರ್ 8ಕ್ಕೆ, ನಡು ಚಳಿಯಲ್ಲಿ! ಚಳಿಯಿಂದ ಇನ್ನೂ ಕೆಲವು ದಿನ ಹಿಂದೆ ಬೀಳಬಹುದು.

ನೀವು ಹೀಗೆ ಮಾಡಿ

1. ಬೀಜವನ್ನೆಲ್ಲ ಒಂದೇ ದಿನ ಚೆಲ್ಲಬೇಡಿ. ಇಂಟಾನ್‌ನಂಥ ಐದು ತಿಂಗಳು ಮೀರುವ ತಳಿಯನ್ನು ಜೂನ್ ತಿಂಗಳಿಗೇ ಮೀಸಲಿಡಿ. ಕೆರೆಗೆ ನೀರು ಬಾರದಿದ್ದರೆ ಐಆರ್-64ರಂಥ ನಾಲ್ಕು ತಿಂಗಳ ತಳಿಯ ಎರಡನೆಯ ಒಟ್ಲು ಬಿಡಿ. ಎಕರೆ ನಾಟಿಗೆ ಮೂರು ನಾಲ್ಕು ಗುಂಟೆ ಒಟ್ಲು ಸಾಕು. ಅಷ್ಟಕ್ಕೆ ಬಾವಿಯ ನೀರು ಒದಗುತ್ತದೆ.

2. ಅಲ್ಪಾವಧಿ ತಳಿಯ ಸಸಿಯನ್ನು 21ರಿಂದ 25 ದಿನಗಳೊಳಗೆ ಕಿತ್ತು ನೆಡಿ. ಬಲಿತ ಸಸಿಯನ್ನೇ ನೆಡಬೇಕಾಗಿ ಬಂದರೆ ಗುಣಿಗೆ ನಾಲ್ಕೈದರಂತೆ ಒತ್ತಾಗಿ ನೆಡಿ. ಅದು ತೆಂಡೆ ಒಡೆಯುವುದು ಕಡಿಮೆ.

3. ಯೂರಿಯಾವನ್ನು ಒಂದೇ ಸಲ ಎರಚದೆ ಕಂತಿನಲ್ಲಿ ಕೊಡಿ. ಸಾರಜನಕ ಹೆಚ್ಚಾದ ಪೈರಿಗೆ ಬೆಂಕಿರೋಗವೂ ಹೆಚ್ಚು, ಚಳಿಯಿಂದ ಜೊಳ್ಳೂ ಹೆಚ್ಚು.

4. ಗದ್ದೆಯಲ್ಲಿ ಮೊಣಕಾಲುದ್ದ ನೀರು ಬೇಡ. ಎರಡು ಅಂಗುಲ ಸಾಕು. ಉಳಿದ ನೀರನ್ನು ಹೊಡೆ ತುಂಬಿ ಹೂವಾಡುವ ದಿನಗಳಿಗೆ ಕಾಯ್ದಿರಿಸಿ. ಇದು ಒಬ್ಬರಿಂದಾಗುವ ಕೆಲಸವಲ್ಲ. ಅಚ್ಚುಕಟ್ಟಿನವರೆಲ್ಲ ಕುಳಿತು ತೂಬು ಎತ್ತುವ ದಿನಗಳನ್ನು ಮೊದಲೇ ಗೊತ್ತುಮಾಡಿಕೊಳ್ಳಿ. ಕೊನೆಯ ಗದ್ದೆಯವನಿಗೂ ನೀರು ಮುಟ್ಟಬೇಕು.

5. ಆಗಸ್ಟ್ ಮುಗಿದರೂ ಕೆರೆ ಬರಿದಾಗಿದ್ದರೆ ಭತ್ತದ ಆಸೆ ಬಿಡಿ. ನೀರು ಬಸಿದುಹೋಗುವ ತಾಕಿನಲ್ಲಿ ಅಲ್ಪಾವಧಿ ರಾಗಿ ಹಾಕಿ. ಜೊಳ್ಳು ಭತ್ತಕ್ಕಿಂತ ಕಣದಲ್ಲಿನ ರಾಗಿ ಮೇಲು.

ನಿಮ್ಮ ಗದ್ದೆಗೆ ಹೊಂದುವ ತಳಿಯ ಬಗ್ಗೆ ಹೋಬಳಿಯ ರೈತ ಸಂಪರ್ಕ ಕೇಂದ್ರದಲ್ಲಿ ಅಥವಾ ಹಾಸನದ ಕಂದಲಿಯ ಕೃಷಿ ವಿಜ್ಞಾನ ಕೇಂದ್ರದಲ್ಲಿ ವಿಚಾರಿಸಿ. ತಳಿಯ ಹೆಸರನ್ನು ಕೇಳುವ ಮೊದಲು ಅದರ ಅವಧಿ ಎಷ್ಟು ದಿನವೆಂದು ಕೇಳಿ.