ಎಲ್ಲಮ್ಮನ ಗುಡ್ಡಕ್ಕ ಸೈಕಲ್ ಸವಾರಿ: ಎರಡು ಫೂಟು ಹಾದಿ ಕೊಡ್ರಿ, ಸಾಕು!

ಹುಣ್ಣಿಮೆಯ ಹಿಂದಿನ ದಿವಸ ಧಾರವಾಡದ ಬಸ್ ಸ್ಟ್ಯಾಂಡಿನಲ್ಲಿ ಹತ್ತು ನಿಮಿಷ ನಿಂತು ನೋಡಿರಿ. ಸವದತ್ತಿ ಬಸ್ಸು ಇನ್ನೂ ಪೂರ್ತಿ ನಿಂತಿರುವುದಿಲ್ಲ, ಅಷ್ಟರಲ್ಲಿ ಕಿಟಕಿಯೊಳಗಿಂದ ಟಾವೆಲ್ಲು, ಕೈಚೀಲ ತೂರಿ ಸೀಟು ಹಿಡಿದಾಗಿರುತ್ತದೆ. ೨೦೨೩ರ ಜೂನ್ ೧೧ರಿಂದ ಹೆಣ್ಣುಮಕ್ಕಳಿಗೆ ಟಿಕೀಟಿನ ರೊಕ್ಕ ಇಲ್ಲದಂತಾದ ಮೇಲಂತೂ ಎಲ್ಲಮ್ಮನ ಬಸ್ಸಿನಲ್ಲಿ ಕಾಲೂರಲು ಜಾಗ ಸಿಕ್ಕರೆ ಅದೇ ದೊಡ್ಡ ಪುಣ್ಯ. ಇರಲಿ, ಚಲೋನೇ ಆತು. ತಾಯಿಯ ದರ್ಶನ ಯಾರಿಗೂ ತಪ್ಪಬಾರದು.

ಆದರೆ ಆ ಗದ್ದಲದಲ್ಲಿ ನಿಂತು ಹೋದವರಿಗೆ ಹಾದಿಯಲ್ಲಿ ಕಂಡದ್ದೇನು? ಮುಂದೆ ನಿಂತವರ ಬೆನ್ನು, ಕಂಡಕ್ಟರನ ಚೀಲ. ಹೊಳಿ ಯಾವ ಮಗ್ಗಲಿಗೆ ಉಳಿಯಿತು, ಗುಡ್ಡ ಎಲ್ಲಿಂದ ಶುರುವಾಯಿತು, ಉಗರಗೋಳ ಎಂಬ ಊರು ಎಲ್ಲಿ ಬಂತು ಎಂದು ಕೇಳಿದರೆ ಉತ್ತರವಿಲ್ಲ. ಇದೇ ಹಾದಿಯನ್ನು ಸೈಕಲ್ ಮೇಲೆ ಹೋದವರನ್ನು ಕೇಳಿರಿ. ಏರು ಎಷ್ಟು, ಇಳಕಲು ಎಷ್ಟು, ಎಲ್ಲಿ ನೀರು ಸಿಹಿ, ಎಲ್ಲಿ ಚಹಾ ಖಡಕ್ಕು ಎಂಬುದನ್ನೆಲ್ಲ ಬರೋಬ್ಬರಿ ಹೇಳುತ್ತಾರೆ. ಕಣ್ಣಿಗಿಂತ ಮೊದಲು ಅವರ ಮೊಣಕಾಲಿಗೆ ಊರಿನ ಗುರುತು ಸಿಕ್ಕಿರುತ್ತದೆ!

ಎಲ್ಲಿಂದ ಹೊರಡಬೇಕು?

ಧಾರವಾಡದಿಂದ ಸವದತ್ತಿಗೆ ಸುಮಾರು ೪೦ ಕಿ.ಮೀ. ನಸುಕಿನಲ್ಲಿ ಹೊರಟು ತಾಸಿಗೆ ೧೫ ಕಿ.ಮೀ.ಯಂತೆ ಹಗೂರ್ಕ ತುಳಿದರೂ ಮೂರು ತಾಸಿನೊಳಗೆ ಮುಟ್ಟಬಹುದು. ಸವದತ್ತಿಗೆ ರೈಲಿಲ್ಲ. ಬಂದರೆ ಡಾಂಬರು ರಸ್ತೆಯ ಮೇಲೆಯೇ ಬರಬೇಕು. ನಡುವೆ ಎರಿ ಹೊಲ. ಕಾಲಕ್ಕೆ ತಕ್ಕಂತೆ ಜೋಳ, ಕಡಲಿ, ಹತ್ತಿ, ಗೋವಿನಜೋಳ. ಜೋಳ ಹಾಲುಗಾಳು ಕಟ್ಟಿದ ಹೊತ್ತಿನಲ್ಲಿ ಹೋದವರಿಗೆ ಯಾವುದಾದರೂ ಹೊಲದಲ್ಲಿ ಬಿಸಿಬಿಸಿ ಸೀತನಿ ಸಿಕ್ಕರೂ ಸಿಕ್ಕೀತು. ಬಸ್ಸು ಇದಕ್ಕೆಲ್ಲ ನಿಲ್ಲುವುದಿಲ್ಲ.

ಸವದತ್ತಿ ಸಣ್ಣ ಊರಲ್ಲ. ರಟ್ಟರ ಕಾಲಕ್ಕೆ ಇದೇ ಸುಗಂಧವರ್ತಿ, ಅವರ ರಾಜಧಾನಿ. ರಟ್ಟರು ಬೆಳಗಾವಿಗೆ ಹೋದದ್ದು ಆಮೇಲೆ. ಊರಲ್ಲಿ ದೇಸಾಯರ ಕಾಲದ ಕೋಟೆ ಇದೆ. ಊರ ದಕ್ಷಿಣಕ್ಕೆ ಗುಡ್ಡದ ಮೇಲೆ ಪರಸಗಡದ ಹಾಳು ಕೋಟೆ ಇದೆ. ತಾಲೂಕಿಗೆ ಮೊದಲು ಪರಸಗಡ ಎಂದೇ ಹೆಸರಿತ್ತು. ಹಿರಿಯರ ಬಾಯಲ್ಲಿ ಈಗಲೂ ಆ ಹೆಸರು ಕೇಳಬಹುದು.

ಸವದತ್ತಿಯಿಂದ ಎಲ್ಲಮ್ಮನ ಗುಡ್ಡ ಸುಮಾರು ಐದು ಕಿ.ಮೀ. ನಡುವೆ ಜೋಗುಳಭಾವಿ. ಭಕ್ತರು ಇಲ್ಲಿ ಮಿಂದು, ಸತ್ಯಮ್ಮನಿಗೆ ಕೈಮುಗಿದು ಮುಂದೆ ಹೋಗುವುದು ಪದ್ಧತಿ. ಸೈಕಲ್ಲಿನವರೂ ಇಲ್ಲಿ ಇಳಿದು ಮುಖ ತೊಳೆಯುವುದು ಒಳ್ಳೆಯದು, ಮುಂದೆ ಏರು ಐತಿ. ಹೆಚ್ಚಿನ ಗೇರು ಇಲ್ಲದ ಸೈಕಲ್ಲಾದರೆ ಇಳಿದು ತಳ್ಳಿರಿ. ನಾಚಿಕೆ ಪಡುವ ಕಾರಣವಿಲ್ಲ. ತಾಯಿಯ ಗುಡ್ಡಕ್ಕೆ ಬರಿಗಾಲಿನಲ್ಲಿ ನಡೆದು ಬರುವವರೇ ಸಾವಿರಾರು ಜನ ಇದ್ದಾರೆ.

ಗುಡ್ಡ ಇಳಿದರೆ ಉಗರಗೋಳ. ಹುಣ್ಣಿಮೆ ಬಂದಾಗೊಮ್ಮೆ ಗಾಡಿಗಳ ಗದ್ದಲವನ್ನೂ ಧೂಳನ್ನೂ ಉಣ್ಣುವ ಊರು ಇದು. ಅಲ್ಲಿಂದ ಹೂಲಿಗೆ ಹೋಗಬಹುದು. ಸವದತ್ತಿಯಿಂದ ಲೆಕ್ಕ ಹಾಕಿದರೆ ಹೂಲಿ ಸುಮಾರು ೯ ಕಿ.ಮೀ. ಅಲ್ಲಿಯ ಪಂಚಲಿಂಗೇಶ್ವರ ಗುಡಿ ಕಲ್ಯಾಣ ಚಾಲುಕ್ಯರ ಕಾಲದ್ದು. ಕೆತ್ತನೆ ನೋಡುತ್ತ ನಿಂತರೆ ಮಧ್ಯಾಹ್ನದ ಊಟದ ನೆನಪೂ ಆಗುವುದಿಲ್ಲ. ಗುಡ್ಡಕ್ಕೆ ಬಂದ ನೂರು ಮಂದಿಯಲ್ಲಿ ಎಷ್ಟು ಮಂದಿ ಹೂಲಿ ನೋಡಿ ಹೋಗುತ್ತಾರೆ? ನೀವೇ ಹೇಳ್ರಿ.

ಹೊಳಿ ಗುಡ್ಡ ಸೀಳಿದ ಜಾಗ

ಎರಡನೆಯ ದಿವಸ ಸವದತ್ತಿಯಿಂದ ಉತ್ತರಕ್ಕೆ, ಮುನವಳ್ಳಿ ಕಡೆಗೆ ಹೊರಡಬೇಕು. ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ ಹುಟ್ಟಿದ ಮಲಪ್ರಭೆ ೩೦೦ ಕಿ.ಮೀ.ಗೂ ಹೆಚ್ಚು ಹರಿದು ಕೂಡಲಸಂಗಮದಲ್ಲಿ ಕೃಷ್ಣೆಯನ್ನು ಸೇರುತ್ತಾಳೆ. ಎಂ.ಕೆ. ಹುಬ್ಬಳ್ಳಿ, ರಾಯಣ್ಣನ ಸಂಗೊಳ್ಳಿ ದಾಟಿ ಬಂದ ಹೊಳಿಗೆ ಇಲ್ಲಿ ಕೆಂಪು ಕಲ್ಲಿನ ಗುಡ್ಡದ ಸಾಲು ಅಡ್ಡ ನಿಂತಿದೆ. ಹೊಳಿ ಸುತ್ತು ಹಾಕಲಿಲ್ಲ, ಗುಡ್ಡವನ್ನೇ ಸೀಳಿತು. ಆ ಇಕ್ಕಟ್ಟಾದ ಕಣಿವೆಯೇ ನವಿಲುತೀರ್ಥ.

ಎಂಜಿನಿಯರರು ಆಣೆಕಟ್ಟು ಕಟ್ಟಿದ್ದೂ ಅಲ್ಲಿಯೇ. ಕೆಲಸ ಮುಗಿದದ್ದು ೧೯೭೦ರ ದಶಕದ ಆರಂಭದಲ್ಲಿ. ಗೋಡೆಯ ಉದ್ದ ಸುಮಾರು ೧೫೫ ಮೀಟರ್ ಮಾತ್ರ. ಅದರ ಹಿಂದೆ ನಿಲ್ಲುವ ನೀರು ೩೭ ಟಿ.ಎಂ.ಸಿ.ಗೂ ಹೆಚ್ಚು. ಇಷ್ಟು ಸಣ್ಣ ಬಾಗಿಲಿಗೆ ಅಷ್ಟು ದೊಡ್ಡ ಕಣಜ! ಹುಬ್ಬಳ್ಳಿ-ಧಾರವಾಡದ ನಳದಲ್ಲಿ ಬರುವ ನೀರು ಇದೇ ರೇಣುಕಾಸಾಗರದ್ದು. ನವಲಗುಂದ, ನರಗುಂದದ ಕಾಲುವೆಯ ನೀರೂ ಇದೇ. ೧೯೮೦ರ ಜುಲೈನಲ್ಲಿ ಆ ಎರಡು ತಾಲೂಕುಗಳ ರೈತರು ಬಂಡೆದ್ದು ಗುಂಡಿಗೆ ಎದೆಯೊಡ್ಡಿದ್ದು ಈ ನೀರಾವರಿಯ ಕರದ ಸಲುವಾಗಿಯೇ. ನೀರನ್ನು ಬರೇ ಚೆಂದ ನೋಡಿ ಹೋಗುವ ಜಾಗವಲ್ಲ ಇದು.

ಮುನವಳ್ಳಿ, ರಾಮದುರ್ಗದವರಿಗೆ ಇನ್ನೊಂದು ನೆನಪೂ ಇದೆ. ೨೦೧೯ರ ಆಗಸ್ಟ್‌ನಲ್ಲಿ ಇದೇ ಹೊಳಿ ಮನೆ, ಅಂಗಡಿಗಳೊಳಗೆ ನುಗ್ಗಿತ್ತು. ಆದ್ದರಿಂದ ಮಳೆಗಾಲದಲ್ಲಿ ಬಂದವರು ದಂಡೆಯಲ್ಲಿ ನಿಂತು ನೋಡಿರಿ, ನೀರಿಗೆ ಇಳಿಯಬೇಡಿರಿ.

ಕಾಲಲ್ಲಿ ಇನ್ನೂ ಕಸುವು ಇದ್ದವರು ಮುಂದೆ ಶಿರಸಂಗಿಗೆ ಹೋಗಬಹುದು. ಅಲ್ಲಿ ಕಾಳಿಕಾದೇವಿಯ ಗುಡಿ ಇದೆ. ತನ್ನ ಆಸ್ತಿಯನ್ನೆಲ್ಲ ಹುಡುಗರ ಓದಿಗೆ ಬರೆದಿಟ್ಟು ೧೯೦೬ರಲ್ಲಿ ತೀರಿಕೊಂಡ ಲಿಂಗರಾಜ ದೇಸಾಯರ ಊರೂ ಅದೇ. ಬೈಲಹೊಂಗಲ ಕಡೆಯಿಂದ ಬರುವವರು ಚೆನ್ನಮ್ಮನ ಸಮಾಧಿಗೆ ಕೈಮುಗಿದು, ಸೊಗಲದ ಸೋಮೇಶ್ವರನನ್ನೂ ಅಲ್ಲಿಯ ಜಲಪಾತವನ್ನೂ ನೋಡಿಕೊಂಡು ಬರಬಹುದು. ರಾಮದುರ್ಗದ ಕಡೆಗೆ ಇಳಿದರೆ ಸುರೇಬಾನದ ಹತ್ತಿರ ಶಬರಿಕೊಳ್ಳ, ಹೊಳಿ ದಂಡೆಗೆ ತೊರಗಲ್ಲ ಕೋಟೆ. ಮೂರು ದಿವಸ ಸಾಲುವುದಿಲ್ಲ.

ಗಾಳಿ, ಮುಳ್ಳು, ಕಬ್ಬಿನ ಟ್ರ್ಯಾಕ್ಟರು

ಸೈಕಲ್ಲಿನವರಿಗೆ ಇಲ್ಲಿ ಮೂರು ವೈರಿಗಳು. ಮೊದಲನೆಯದು ಗಾಳಿ. ಜೂನ್‌ದಿಂದ ಸಪ್ಟೆಂಬರ್‌ವರೆಗೆ ಪಡುವಣ ಗಾಳಿ ಜೋರು. ಧಾರವಾಡದಿಂದ ಬರುವಾಗ ಬೆನ್ನಿಗಿದ್ದು ನೂಕುತ್ತದೆ. ತಿರುಗಿ ಹೋಗುವಾಗ ಎದೆಗೆ ನಿಂತು ಬಡ್ಡಿ ಸಮೇತ ವಸೂಲು ಮಾಡುತ್ತದೆ! ಹೋಗುವಾಗ ಸೈಕಲ್ ತುಳಿದು, ಬರುವಾಗ ಬಸ್ಸಿನ ಮೇಲೆ ಹೇರಿಕೊಂಡು ಬಂದರೂ ತಪ್ಪಿಲ್ಲ.

ಎರಡನೆಯದು ಜಾಲಿ ಮುಳ್ಳು. ರಸ್ತೆ ಬಿಟ್ಟು ಹೊಲದ ದಾರಿಗೆ ಇಳಿದರೆ ಪಂಚರ್ ಗ್ಯಾರಂಟಿ. ಮಳೆಯಾಗಿದ್ದರೆ ಎರಿ ಮಣ್ಣು ಗಾಲಿಗೆ ಮೆತ್ತಿಕೊಂಡು ಸೈಕಲ್ ನಿಮ್ಮ ಹೆಗಲೇರುತ್ತದೆ. ಟ್ಯೂಬು, ಪಂಪು, ಎರಡು ಬಾಟಲಿ ನೀರು ಜೊತೆಗೆ ಇರಲಿ. ಬ್ಯಾಸಿಗಿಯಲ್ಲಿ ಹತ್ತು ಗಂಟೆಯ ಮೇಲೆ ಹೊರಡಬೇಡಿರಿ. ಕೆಂಪು ಕಲ್ಲಿನ ಗುಡ್ಡ ಹೆಂಚಿನಂತೆ ಕಾಯುತ್ತದೆ.

ಮೂರನೆಯದೇ ದೊಡ್ಡದು. ಕಬ್ಬಿನ ಹಂಗಾಮು ಶುರುವಾದರೆ ಒಂದೊಂದು ಟ್ರ್ಯಾಕ್ಟರಿಗೆ ಎರಡೆರಡು ಟ್ರೇಲರು. ಹಿಂದೆ ದೀಪವಿಲ್ಲ, ಹೊಳೆಯುವ ಕೆಂಪು ಪಟ್ಟಿಯಿಲ್ಲ. ಚಾಲಕನಿಗೆ ಹಾಡಿನ ಸಪ್ಪಳದಲ್ಲಿ ಹಿಂದಿನದು ಕೇಳುವುದಿಲ್ಲ. ಎದುರಿಗೆ ಬಸ್ಸು ಬಂದರೆ ಸೈಕಲ್ಲಿನವನು ಡಾಂಬರು ಬಿಟ್ಟು ಕೆಳಗೆ ಇಳಿಯಬೇಕು. ಆ ಡಾಂಬರಿನ ಅಂಚು ಮಳೆಗೆ ಕೊರೆದು ಗೇಣುದ್ದ ಮೆಟ್ಟಿಲಾಗಿದ್ದರೆ? ಇಳಿದವನು ಬಿದ್ದಂತೆಯೇ ಲೆಕ್ಕ.

ಇದು ಬರೇ ಸುತ್ತಾಡಲು ಬಂದವರ ತ್ರಾಸಲ್ಲ, ತಿಳೀರಿ. ಹೊಲಕ್ಕೆ ಹೋಗುವ ರೈತ, ಹಾಲಿನ ಕ್ಯಾನು ಕಟ್ಟಿಕೊಂಡು ಬರುವವ, ಹೈಸ್ಕೂಲಿಗೆ ಹೋಗುವ ಹುಡುಗ ಹುಡುಗಿಯರು ದಿನಾಲು ಇದೇ ಅಂಚಿನ ಮೇಲೆ ಹೋಗುವವರು. ೨೦೦೬-೦೭ರಿಂದ ಸರಕಾರ ಎಂಟನೆಯ ಇಯತ್ತೆಯ ಮಕ್ಕಳಿಗೆ ಸೈಕಲ್ ಕೊಟ್ಟಿತು. ಕೋವಿಡ್ ಕಾಲಕ್ಕೆ ಅದು ನಿಂತಿತು. ಸೈಕಲ್ ಕೊಟ್ಟ ಅಷ್ಟು ವರ್ಷಗಳಲ್ಲಿ ಅದನ್ನು ಓಡಿಸಲಿಕ್ಕೆ ಒಂದು ಗೆರೆ ಹಾದಿ ಕೊಡಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಅಂಗಡಿಯವರಿಗೆ ಏನು ಬಂತು?

ಅಂಗಡಿಕಾರರು ಕೇಳಬಹುದು: “ಸೈಕಲ್ಲಿನವರಿಂದ ನಮಗೇನು ಲಾಭಾರೀ?” ಲೆಕ್ಕ ಹಾಕಿ ನೋಡಿರಿ. ಕಾರಿನಲ್ಲಿ ಬಂದವರು ಅಡಿಗೆ ಕಟ್ಟಿಕೊಂಡು ಬರುತ್ತಾರೆ. ಗುಡ್ಡದಲ್ಲಿ ದರ್ಶನ ಮಾಡಿ, ಕಾಯಿ-ಕರ್ಪೂರ, ಭಂಡಾರ ಕೊಂಡು ಸಂಜೆಗೆ ತಮ್ಮ ಊರು ಸೇರುತ್ತಾರೆ. ಉಗರಗೋಳ, ಹೂಲಿ, ಮುನವಳ್ಳಿಗೆ ಅವರಿಂದ ಸಿಗುವುದು ಹಾರ್ನಿನ ಸಪ್ಪಳ ಮಾತ್ರ. ಸೈಕಲ್ಲಿನವನಿಗೆ ತಾಸಿಗೊಮ್ಮೆ ಹಸಿವು. ಮಿರ್ಚಿ, ಗಿರ್ಮಿಟ್ಟು, ರೊಟ್ಟಿ ಊಟ, ಎರಡು ಕಪ್ಪು ಚಹಾ ಬೇಕು. ಪಂಚರ್ ಆದರೆ ಪಂಚರ್ ಅಂಗಡಿ ಬೇಕು. ಕತ್ತಲಾದರೆ ಮಲಗಲು ಖೋಲಿ ಬೇಕು. ಅವನು ರೊಕ್ಕ ಕೊಡುವುದು ದೊಡ್ಡ ಹೋಟೆಲಿಗಲ್ಲ, ಹಾದಿಯ ಅಂಗಡಿಗೆ.

ಒಂದು ಕಾಲಕ್ಕೆ ನಮ್ಮ ಪ್ರತಿಯೊಂದು ಊರಲ್ಲೂ ತಾಸಿನ ಬಾಡಿಗೆಗೆ ಸೈಕಲ್ ಕೊಡುವ ಅಂಗಡಿ ಇತ್ತು. ಬೈಕು ಬಂತು, ಅವು ಮುಚ್ಚಿದವು. ಸಾಹಿಬಾಬಾದದ ಅಟ್ಲಾಸ್ ಕಾರಖಾನೆಯೇ ೨೦೨೦ರ ಜೂನ್‌ನಲ್ಲಿ ಬಾಗಿಲು ಹಾಕಿತು. ಆದರೆ ಸೈಕಲ್ ಸತ್ತಿಲ್ಲ. ಹುಬ್ಬಳ್ಳಿ-ಧಾರವಾಡ, ಬೆಳಗಾವಿಯಲ್ಲಿ ನಸುಕಿಗೆ ಎದ್ದು ಸೈಕಲ್ ತುಳಿಯುವವರ ಗುಂಪುಗಳು ಈಗ ಇವೆ. ಸವದತ್ತಿ ಸ್ಟ್ಯಾಂಡಿನ ಮಗ್ಗಲಿಗೆ ಹತ್ತು ಬಾಡಿಗೆ ಸೈಕಲ್ ಇಟ್ಟು ನೋಡಿರಿ. ಬಸ್ಸಿನಲ್ಲಿ ಬಂದವರೂ ಅರ್ಧ ದಿವಸ ಹೂಲಿ, ನವಿಲುತೀರ್ಥ ಸುತ್ತಿ ಬಂದಾರು.

ನೂರು ಕೋಟಿಯಲ್ಲಿ ನಮ್ಮ ಪಾಲು

ಈಗ ಮುಖ್ಯ ಮಾತಿಗೆ ಬರೋಣ. ೨೦೨೪ರಲ್ಲಿ ಕೇಂದ್ರ ಸರಕಾರ ಸವದತ್ತಿ ಎಲ್ಲಮ್ಮನ ಗುಡ್ಡದ ಅಭಿವೃದ್ಧಿಗೆ ೧೦೦ ಕೋಟಿ ರೂಪಾಯಿ ಮಂಜೂರು ಮಾಡಿತು. ಅದೇ ವರ್ಷ ಕ್ಷೇತ್ರಕ್ಕೆಂದು ರಾಜ್ಯ ಸರಕಾರ ಪ್ರವಾಸೋದ್ಯಮ ಅಭಿವೃದ್ಧಿ ಮಂಡಳಿಯ ಕಾಯ್ದೆಯನ್ನೂ ತಂದಿತು. ಸಂತೋಷ. ಇಂಥ ರೊಕ್ಕ ಬಂದಾಗ ಮೊದಲು ನೆನಪಾಗುವುದು ಕಟ್ಟಡ, ಕಮಾನು, ಕಾರು ನಿಲ್ಲಿಸುವ ಜಾಗ. ಅವೂ ಬೇಕು, ಬ್ಯಾಡ ಅನ್ನಂಗಿಲ್ಲ. ಆದರೆ ಇನ್ನಷ್ಟು ಕಾರಿಗೆ ಜಾಗ ಮಾಡಿದರೆ ಇನ್ನಷ್ಟು ಕಾರು ಬರುತ್ತವೆ. ಗುಡ್ಡ ಮಾತ್ರ ಇದ್ದಷ್ಟೇ ಇರುತ್ತದೆ.

ನಾವು ಕೇಳುವುದು ಅಲ್ಪ. ಸವದತ್ತಿ, ಜೋಗುಳಭಾವಿ, ಗುಡ್ಡ, ಉಗರಗೋಳ, ಹೂಲಿ ಸುತ್ತಿನ ರಸ್ತೆಗೆ ಎರಡೂ ಮಗ್ಗಲು ಎರಡೆರಡು ಫೂಟು ಗಟ್ಟಿ ಅಂಚು, ಅದಕ್ಕೊಂದು ಬಿಳಿ ಗೆರೆ. ಕ್ರಾಸಿಗೊಂದು ಕನ್ನಡದ ಫಲಕ, ಊರಿಗೊಂದು ಕುಡಿಯುವ ನೀರಿನ ನಳ. ಕಬ್ಬಿನ ಟ್ರೇಲರಿನ ಹಿಂದೆ ಹೊಳೆಯುವ ಪಟ್ಟಿ ಕಡ್ಡಾಯ. ಇದಕ್ಕೆ ನೂರು ಕೋಟಿ ಹೋಗುವುದಿಲ್ಲ, ಮನಸ್ಸು ಬೇಕು ಅಷ್ಟೇ.

ಬನದ ಹುಣ್ಣಿಮೆಗೆ, ಭಾರತ ಹುಣ್ಣಿಮೆಗೆ ನಡೆದು ಬರುವ ಮುದುಕ ಮುದುಕಿಯರಿಗೂ ಅದೇ ಎರಡು ಫೂಟು ಆಸರೆಯಾಗುತ್ತದೆ. ಚಕ್ಕಡಿಯ ಎತ್ತಿಗೂ, ಸಾಲಿ ಹುಡುಗಿಯ ಸೈಕಲ್ಲಿಗೂ ಅದೇ ಹಾದಿ. ಉಗರಗೋಳದ ಪಂಚಾಯತಿಯವರು, ಸವದತ್ತಿಯ ವ್ಯಾಪಾರಸ್ಥರು ಒಂದು ಅರ್ಜಿ ಬರೆದು ಕೊಡಲಿ. ನಕಾಶೆ ಕಾಗದದ ಮೇಲೆ ಇರುವಾಗ ಗೆರೆ ಹಾಕುವುದು ಸುಲಭ. ಸಿಮೆಂಟು ಬಿದ್ದ ಮೇಲೆ ಬಾಯಿ ಬಡಿದುಕೊಂಡರೆ ಕೇಳುವವರು ಯಾರು?